ಮತ್ತೆ ಸೆಪ್ಟೆಂಬರ್ ಹತ್ತೊಂಬತ್ತು

ನಿಂತಿತು ಅಕ್ಕ, ನಿಂತಿತು. ಈಗ ಅಲ್ಲಾಡ್ತಿರೋದು ಆ ತಂತಿಗಳಷ್ಟೇ... ಕೂತ್ಕೋ ಇಲ್ಲಿ, ಫುಟ್‌ಪಾತ್ ಮೇಲೆ. ನಿನ್ನ ಕೋಲು ಮೇಲೇ ಉಳೀತಾ? ಇರಲಿ. ಈಗ ಯಾರನ್ನೂ ಒಳಗೆ ಬಿಡಲ್ಲ.

ಹಾಗ್ಯಾಕೆ ನೋಡ್ತೀಯ? ನೀನು ನನ್ನ ಹಿಂದೇನೇ ಬರ್ತಿದ್ದೀಯ ಅಂದ್ಕೊಂಡೆ. ದೇವರಾಣೆ. ಮೂರು ಮಹಡಿ ಇಳಿದು ತಿರುಗಿ ನೋಡಿದ್ರೆ ನೀನಿಲ್ಲ. ಮತ್ತೆ ಹತ್ತೋಣ ಅಂತಲೇ ಇದ್ದೆ, ಅಷ್ಟರಲ್ಲಿ ಪಕ್ಕದ ಮನೆ ಹಸಿಂತಾ ನಿನ್ನ ಕೈ ಹಿಡ್ಕೊಂಡು... ಬಂದ್ಲಲ್ಲ, ಸದ್ಯ.

ನಗ್ತಿದ್ದೀಯಾ? ನಗು. ನೋಡು, ಬೀದಿಯಲ್ಲಿ ಎಲ್ಲರೂ ಅಳ್ತಾ ಅಳ್ತಾ ನಗ್ತಿದಾರೆ. ಎಂಬತ್ತೈದರ ಸೆಪ್ಟೆಂಬರ್ ಹತ್ತೊಂಬತ್ತು, ಹೊಲಿಗೆ ಕಾರ್ಖಾನೆ ಕುಸಿದು ಅಪ್ಪ ಅದರಡೀಲೇ ಸತ್ತ. ಎರಡು ಸಾವಿರದ ಹದಿನೇಳು, ಸೆಪ್ಟೆಂಬರ್ ಹತ್ತೊಂಬತ್ತು, ನಮ್ಮ ಹಳೇ ಮನೆ ಕುಸೀತು, ಅಮ್ಮ ಹೋದ್ಲು. ಇವತ್ತು ಮತ್ತೆ ಹತ್ತೊಂಬತ್ತು. ಕೆರೆ ಹೂಳಿನ ಮೇಲೆ ಕೂತ ಈ ಮೆಕ್ಸಿಕೋ ನಗರಕ್ಕೆ ನಡುಗೋದಕ್ಕೆ ಬೇರೆ ತಾರೀಖೇ ಸಿಗಲ್ವಾ? ಬೆಳಿಗ್ಗೆ ಇಬ್ಬರಿಗೂ ಸೇರಿಸಿ ಚರ್ಚಲ್ಲಿ ಪೂಜೆ ಮಾಡಿಸಿದ್ವಿ. ಮಧ್ಯಾಹ್ನ ಭೂಕಂಪದ ಡ್ರಿಲ್ ಅಂತ ಸೈರನ್ ಊದಿದ್ರು, ಇಳಿದ್ವಿ, ಹತ್ತಿದ್ವಿ. ನೀನು ಸಾರಿಗೆ ಉಪ್ಪು ಹಾಕ್ತಿದ್ದೆ... ಡ್ರಿಲ್ ಮುಗಿದು ಮುಕ್ಕಾಲು ಗಂಟೆ ಆಗಿರಲಿಲ್ಲ, ನಿಜವಾದದ್ದೇ ಬಂತು.

ಹದಿನೇಳರಲ್ಲೂ ಹೀಗೇ. ಹನ್ನೊಂದಕ್ಕೆ ಡ್ರಿಲ್. ಅಮ್ಮನಿಗೆ ಮಂಡಿ ನೋವು, ನಾನೇ ಬೆನ್ನ ಮೇಲೆ ಹೊತ್ಕೊಂಡು ನಾಲ್ಕು ಮಹಡಿ ಇಳಿಸಿದೆ. ಬೀದಿಯೋರು ಚಪ್ಪಾಳೆ ತಟ್ಟಿದ್ರು. ಅಮ್ಮ ರಾಣಿ ಹಾಗೆ ಅವರಿಗೆ ಕೈ ಬೀಸಿದ್ಲು. ಮತ್ತೆ ಹೊತ್ತು ಹತ್ತಿಸಿ, ಕೂರಿಸಿ, ಊಟಕ್ಕೆ ತೊರ್ತಿಯಾ ರೊಟ್ಟಿ ತರೋಕೆ ಹೋದೆ. ಕ್ಯೂ ಇತ್ತು... ಇದೆಲ್ಲ ನಿನಗೆ ಗೊತ್ತು. ಐದು ವರ್ಷದಿಂದ ಹೇಳ್ತಾನೇ ಇದೀನಿ. ಅಂಗಡಿ ಮುಂದೆ ನಿಂತಿದ್ದೋನು ಏನು ಮಾಡೋಕಾಗ್ತಿತ್ತು, ನೀನೇ ಹೇಳು. ಸೈರನ್ ಕೂಗೋದೂ ನೆಲ ಅಲ್ಲಾಡೋದೂ ಒಟ್ಟಿಗೇ ಆಯ್ತು. ಅಮ್ಮ ಬೀನ್ಸ್ ಕಾಳು ಆರಿಸ್ತಾ ಕೂತಿದ್ದೋಳು ತಲೆ ಎತ್ತಿ, "ಮತ್ತೆ ಡ್ರಿಲ್ಲೇನೋ?" ಅಂದ್ಲು...

ಏನು?

ಅಕ್ಕ, ಏನಾದ್ರೂ ಅನ್ನು. ಬೈಯಿ. ಅಂಗಡಿ ಮುಂದಿದ್ದೋನಿಗೆ ಅವಳು ಅಂದಿದ್ದು ಹೇಗೆ ಕೇಳಿಸ್ತು ಅಂತಾದ್ರೂ ಕೇಳು.

...ಹೂಂ. ಮನೇಲೇ ಇದ್ದೆ. ತೊರ್ತಿಯಾ ತಂದು ಮೇಜಿನ ಮೇಲಿಟ್ಟಾಗಿತ್ತು. "ಹೌದಮ್ಮ, ಮತ್ತೆ ಡ್ರಿಲ್ಲೇ, ನೀನು ಕೂತಿರು" ಅಂದೆ. ಅಂದು ಓಡಿದೆ. ಎರಡು ಗಂಟೆ ಮುಂಚೆ ಅವಳನ್ನ ಹೊತ್ತಿದ್ದೆ ಅಕ್ಕ, ಹೊರೋಕಾಗ್ತಿತ್ತು ನನಗೆ... ಕಾಲು ನನ್ನ ಮಾತು ಕೇಳಲಿಲ್ಲ. ಇವತ್ತೂ ಕೇಳಲಿಲ್ಲ. ನೀನೇ ನೋಡಿದೆ.

ಪಾಪ, ಡ್ರಿಲ್ ಅಂತ ನಂಬಿ ಕೂತ್ಲು, ಹೆದರದೇ ಹೋದ್ಲು... ಹೀಗಂತ ದಿನಾ ನನಗೆ ನಾನೇ ಹೇಳ್ಕೋತೀನಿ. ಅವಳು ನಂಬಿರಲಿಲ್ಲ ಅಕ್ಕ. ನಾನು ಮೆಟ್ಟಿಲಲ್ಲಿದ್ದಾಗ ಹಿಂದಿನಿಂದ ಕೂಗಿದ್ಲು. "ಚಪ್ಪಲಿ ಹಾಕ್ಕೊಂಡು ಹೋಗೋ ಮಗಾ, ಕೆಳಗೆ ಗಾಜು ಬಿದ್ದಿರುತ್ತೆ" ಅಂದ್ಲು.