ಮೆಲ್ಲಗೆ ಹೇಳಬಹುದಾಗಿದ್ದ ಮಾತು

ಒಂದು ಪೇಟೆಯಲ್ಲಿ ಹಾರ್ಮೋನಿಯಂ ದುರಸ್ತಿ ಮಾಡುವವನೊಬ್ಬ ಇದ್ದ. ಅವನ ಹೆಸರು ಬೇಡ. ಹೆಸರು ಹೇಳಿದರೆ ನೀವು, 'ಓ, ಅವನ ಕಥೆಯೋ!' ಎಂದುಕೊಂಡು ಗುಡಿಯ ಕಂಬಕ್ಕೆ ಒರಗಿ ಆರಾಮವಾಗಿ ಕೂತುಬಿಡುತ್ತೀರಿ. ಇವತ್ತು ಯಾರೂ ಆರಾಮವಾಗಿ ಕೂರುವುದು ಬೇಡ.

ಅವನು ಸೋಮಾರಿಯಲ್ಲ. ಇದನ್ನು ಮೊದಲೇ ತಿಳಿದುಕೊಳ್ಳಿ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಕಸ ಗುಡಿಸಿ, ಊದುಬತ್ತಿ ಹಚ್ಚಿ ಕೆಲಸಕ್ಕೆ ಕೂತನೆಂದರೆ ಊಟಕ್ಕೆ ಏಳಿಸಲು ಹೆಂಡತಿ ಒಳಗಿನಿಂದ ಮತ್ತೆ ಮತ್ತೆ ಕೂಗಬೇಕು. ಹಾರ್ಮೋನಿಯಂಗೆ ಆ ಕಡೆ ಪೇಟಿ ಅನ್ನುತ್ತಾರೆ. ಸುತ್ತಲಿನ ಊರುಗಳ ಭಜನಾ ಮಂಡಳಿಗಳ ಪೇಟಿಗಳೆಲ್ಲ ಅವನ ಕೈಗೇ ಬರುತ್ತಿದ್ದವು. ಕಿವಿ ಅಷ್ಟು ಸೂಕ್ಷ್ಮ, ಕೈ ಅಷ್ಟು ಶುದ್ಧ.

ಒಂದು ದಿನ ಪೇಟಿ ಮಾಸ್ತರರು ಬಂದರು. ನಾಟಕ ಕಂಪನಿಯಲ್ಲಿ ಪೇಟಿ ಬಾರಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಪೇಟಿಯನ್ನು ತಾವೇ ತಬ್ಬಿಕೊಂಡು ತಂದು ಅವನ ಮುಂದಿಟ್ಟರು.

"ತಮ್ಮಾ, ಬಲಗಿವಿ ಹೋಗೇತಿ. ಎಡಗಿವಿನೂ ಹೊಸ್ತಿಲಾ ದಾಟಾಕ ನಿಂತೈತಿ. ಔಷಧ ಇಲ್ಲ ಅಂದ್ರು ಡಾಕ್ಟರ್ರು."

"ಹಂಗ್ಯಾಕ ಅಂತೀರಿ ಮಾಸ್ತರ..."

"ಇಲ್ಲಿ ಕೇಳು. ಜನ್ಮೆಲ್ಲಾ ಮಂದಿ ಹಾಡಿಗಿ ಬಾರಿಸಿದೆ. ಯಾವಾಕಿ ಎಲ್ಲಿ ಉಸಿರು ಹಿಡೀತಾಳ, ಯಾವಾಂವ ಎಲ್ಲಿ ತಾಳ ತಪ್ಪತಾನ ಅಂತ ಅವರ ಮಾರಿ ನೋಡಕೋತ ಕುಂತೆ. ನನ್ನ ಪೇಟಿ ನಾ ಕೇಳ್ಲೇ ಇಲ್ಲ. ಉಳದಿರೂ ಈ ಒಂದೀಟು ಕಿವಿ ಮುಗಿಯೂದರಾಗ ನಂದು ನಾ ಕೇಳಬೇಕು. ಒಂದು ಸ್ವರ ಅಷ್ಟ ಏರೇತಿ. ಅದನ್ನೊಂದು ಸರಿ ಮಾಡಿ ಕೊಡು."

"ನಾಳೆ ಸಂಜಿಗಿ ಬರ್ರಿ."

ನೋಡಿ, ಈ ಮಾತನ್ನು ಅವನು ಮನಸಾರೆ ಹೇಳಿದ. ಇದರಲ್ಲಿ ಒಂದು ಎಳೆಯಷ್ಟೂ ಸುಳ್ಳಿರಲಿಲ್ಲ.

ಮಾಸ್ತರರು ಹೋದ ಮೇಲೆ ಪೇಟಿ ಬಿಚ್ಚಿದ. ಪೇಟಿಯ ಹೊಟ್ಟೆಯೊಳಗೆ ಹಿತ್ತಾಳೆಯ ತೆಳುವಾದ ನಾಲಗೆಗಳು ಸಾಲಾಗಿ ಇರುತ್ತವೆ. ರೀಡು ಅನ್ನುತ್ತಾರೆ. ಗಾಳಿ ಹಾಯ್ದಾಗ ಅವು ಕಂಪಿಸುತ್ತವೆ, ಸ್ವರ ಹುಟ್ಟುತ್ತದೆ. ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಈ ಸ್ವರ ಏರಿತ್ತಲ್ಲ, ಅವನು ಕಾನಸಿನಿಂದ, ಅಂದರೆ ಅರದಿಂದ, ಬುಡವನ್ನು ಕೆರೆದ. ಒಮ್ಮೆ ಕೆರೆದು ಗಾಳಿ ಹಾಕಿ ಕೇಳಿದ. ಮತ್ತೆ ಕೆರೆದು ಕೇಳಿದ. ಸರಿಯಾಯಿತು. ಬೇರೆಯವರ ಪೇಟಿಯಾಗಿದ್ದರೆ ಅಲ್ಲಿಗೇ ಕಾನಸು ಕೆಳಗಿಡುತ್ತಿದ್ದ. ಇದು ಮಾಸ್ತರರ ಪೇಟಿ. 'ಸರಿ' ಸಾಲದು, ಕೂದಲೆಳೆಯಷ್ಟೂ ಕೊರತೆ ಇರಬಾರದು ಅನ್ನಿಸಿತು. ಇನ್ನೊಮ್ಮೆ ಕೆರೆದ. ಟಿಣ್ ಅಂತ ಸದ್ದಾಯಿತು. ರೀಡು ಬುಡದಲ್ಲೇ ಮುರಿದು ಅವನ ಅಂಗೈಯಲ್ಲಿತ್ತು.

ಹಳೆಯ ಕಾಲದ ವಿದೇಶಿ ರೀಡು ಅದು. ಈಗಿನ ರೀಡು ಕೂರಿಸಬಹುದು, ಆದರೆ ದನಿ ಅಷ್ಟು ಗಟ್ಟಿಯಾಗಿ ಬರುವುದಿಲ್ಲ. ಮರುದಿನ ಸಂಜೆ ಮಾಸ್ತರರು ಬಂದಾಗ ಅವನು ಹೇಳಬೇಕಾಗಿದ್ದದ್ದು ಎಷ್ಟು? ಒಂದು ವಾಕ್ಯ. 'ಮಾಸ್ತರ, ನನ್ನ ಕೈಯಾಗ ಒಂದು ರೀಡು ಮುರೀತು.' ಇಷ್ಟೇ. ಬಾಯಿ ತೆರೆದೂ ತೆರೆದ.

"ಇನ್ನೊಂದೀಟು ಕೆಲಸ ಐತ್ರಿ" ಅಂದ.

"ಆಗಲಿ ತಮ್ಮಾ. ನಿನ್ನಂಥಾವ್ರು ಹೊತ್ತು ತಗೊಳ್ಳಾಕ ಬೇಕು. ಲಟಪಟ ಮಾಡಿ ಕೊಡೂವ್ರು ಬೇಕಾದಷ್ಟು ಮಂದಿ ಅದಾರ" ಎಂದು ಮಾಸ್ತರರು ಅವನ ಬೆನ್ನು ತಟ್ಟಿದರು.

ಆ ಹೊಗಳಿಕೆಯೇ ಅವನ ಬಾಯಿಗೆ ಬೀಗ ಹಾಕಿತು. ಬೈದಿದ್ದರೆ ಹೇಳಿಬಿಡುತ್ತಿದ್ದನೇನೋ. ಬೆನ್ನು ತಟ್ಟಿದವರ ಎದುರಿಗೆ ಮುರಿದ ರೀಡನ್ನು ಹೇಗೆ ಹಿಡಿಯುವುದು? ಅಂಥದ್ದೇ ಹಳೆಯ ರೀಡು ಹುಡುಕಿ ತಂದು ಕೂರಿಸಿ, ಆಮೇಲೆ ನಗುತ್ತಾ ಹೇಳಿದರಾಯಿತು ಎಂದುಕೊಂಡ. ಹುಡುಕಿದ. ಸಿಗಲಿಲ್ಲ. ಒಂದು ವಾರ ತಡವಾಯಿತು. ವಾರ ತಡ ಮಾಡಿ ಬರೀ ಒಂದು ಸ್ವರ ಸರಿ ಮಾಡಿ ಕೊಡುವುದೇ? ಗಾಳಿ ಊದುವ ತಿದಿಗೆ ಹೊಸ ಚರ್ಮ ಹಾಕಿಯೇ ಕೊಡೋಣ ಅಂದುಕೊಂಡ. ತಿಂಗಳಾಯಿತು. ತಿಂಗಳಾದ ಮೇಲೆ ಬರೀ ತಿದಿ ಸಾಕೇ? ಪಾಲಿಶ್ ಮಾಡಬೇಕು, ಬೆರಳಿಟ್ಟು ಒತ್ತುವ ಮನೆಗಳನ್ನೆಲ್ಲ ಬದಲಿಸಬೇಕು, ಮಾಸ್ತರರು ನೋಡಿದ ಕೂಡಲೇ ತಡವಾದದ್ದನ್ನೇ ಮರೆಯಬೇಕು!

ಅರ್ಥವಾಯಿತೇ? ತಡ ಬೆಳೆದಂತೆ ನಾಚಿಕೆ ಬೆಳೆಯಿತು. ನಾಚಿಕೆ ಬೆಳೆದಂತೆ ಕೆಲಸ ಬೆಳೆಯಿತು. ಕೆಲಸ ಬೆಳೆದಂತೆ ಕೈ ಹಿಂದೆ ಸರಿಯಿತು. ಒಂದು ರೀಡಿನ ಕೆಲಸ ಬೆಟ್ಟವಾಗಿ ಕೂತಿತು. ಅದನ್ನು ಬೆಟ್ಟ ಮಾಡಿದವನು ಅವನೇ.

ಮತ್ತೆ ಅವನು ಸುಮ್ಮನೆ ಕೂತಿದ್ದನೇ? ಅದೇ ವಿಚಿತ್ರ. ಆ ದಿನಗಳಲ್ಲಿ ಅವನು ದುಡಿದಷ್ಟು ಎಂದೂ ದುಡಿದಿರಲಿಲ್ಲ. ಬಂದ ಪೇಟಿಗಳನ್ನೆಲ್ಲ ಹೇಳಿದ ದಿನಕ್ಕಿಂತ ಮೊದಲೇ ಮುಗಿಸಿದ. ಹತಾರಗಳಿಗೆ ಎಣ್ಣೆ ಹಚ್ಚಿದ. ಮೊಳೆಗಳನ್ನು ಅಳತೆಯ ಪ್ರಕಾರ ಡಬ್ಬಿಗಳಿಗೆ ತುಂಬಿದ. ಮಾಸ್ತರರ ಪೇಟಿ ಮಾತ್ರ ಕಣ್ಣಿಗೆ ಬಿದ್ದರೆ ಮುಖ ತಿರುಗಿಸುತ್ತಿದ್ದ. ಅದಕ್ಕೊಂದು ಹಳೆಯ ಧೋತರ ಹೊದಿಸಿದ. ಧೋತರ ಹೊದಿಸಿದರೂ ಅದರ ಆಕಾರ ಕಾಣುತ್ತಿತ್ತು. ಎತ್ತಿ ಅಟ್ಟದ ಮೇಲಿಟ್ಟ.

ಮಾಸ್ತರರು ಬರುತ್ತಲೇ ಇದ್ದರು. ಓಣಿಯ ತುದಿಯಲ್ಲಿ ಅವರ ಕೆಮ್ಮು ಕೇಳಿದರೆ ಸಾಕು, ಇವನು ಹಿತ್ತಲ ಬಾಗಿಲಿನಿಂದ ಹೊರಗೆ. ಹೆಂಡತಿ ಮುಂದಿನ ಬಾಗಿಲಿಗೆ ಬಂದು, "ಊರಾಗಿಲ್ರಿ" ಅನ್ನಬೇಕು. ಎದುರಿನ ಚಹಾದಂಗಡಿಯವನಿಗೆ ಇದೊಂದು ತಮಾಷೆ.

"ಏನ್ರಿ, ಮಾಸ್ತರು ಬಂದ್ರ ಹಿಂದಿನ ಬಾಗಲಾ ತೆಗೀತೀರಿ, ಹೋದ್ರ ಮುಂದಿನ ಬಾಗಲಾ ತೆಗೀತೀರಿ. ಎರಡೂ ಒಮ್ಮಿ ತೆಗೀರಲ್ಲ, ಮನ್ಯಾಗ ಗಾಳಿನಾರ ಆಡ್ತೈತಿ!"

ಅಲ್ಲಿ ಕೂತು ಅವನು ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಅವನೂ ಎಲ್ಲರ ಜೊತೆ ನಕ್ಕ. ಆ ನಗೆ ಹೇಗಿತ್ತೆಂದು ಅವನಿಗೊಬ್ಬನಿಗೇ ಗೊತ್ತು.

ಆಮೇಲೆ ಮಾಸ್ತರರು ಬರುವುದು ನಿಂತಿತು. ಅವನಿಗೆ ಏನನ್ನಿಸಿತು ಹೇಳಿ. ಚಿಂತೆಯೇ? ಇಲ್ಲ. ಹಾಯೆನಿಸಿತು! ಅವರು ಯಾಕೆ ಬರುತ್ತಿಲ್ಲವೆಂದು ಅವನು ಯೋಚಿಸಲಿಲ್ಲ. ಬರುತ್ತಿಲ್ಲವಲ್ಲ ಎಂದು ಕಾಲು ಚಾಚಿ ಕೂತ. ಸಜ್ಜನ, ನೆನಪಿರಲಿ. ಯಾರಿಗೂ ಕೇಡು ಬಗೆಯದ ಮನುಷ್ಯ.

ಒಂದು ಮಧ್ಯಾಹ್ನ ಹೆಂಡತಿ ಗಿರಣಿಯಿಂದ ಬಂದವಳು ಹಿಟ್ಟಿನ ಡಬ್ಬಿಯನ್ನು ಒಳಗೂ ಒಯ್ಯದೆ ಅಂಗಡಿಯ ಕಟ್ಟೆಯ ಮೇಲೇ ಕುಳಿತಳು.

"ಗಿರಣ್ಯಾಗ ಮಾಸ್ತರು ಕುಂತಿದ್ರು. ಹಿಂದ ನಿಂತು ಕರದೆ. ಮತ್ತ ಕರದೆ. ಹೊಳ್ಳಿ ನೋಡ್ಲಿಲ್ಲ."

"ಗಿರಣಿ ಸಪ್ಪಳ ಇರ್ತೈತಿ. ಕೇಳಿರಾಕಿಲ್ಲ."

"ಕರೆಂಟ್ ಹೋಗಿತ್ರಿ. ಗಿರಣಿ ನಿಂತಿತ್ತು."

ಅವನ ಕೈಯಲ್ಲಿದ್ದ ಕಾನಸು ಹಾಗೇ ನಿಂತಿತು. ಅವಳು ಹಿಟ್ಟಿನ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. 'ನಿನ್ನ ಸಲುವಾಗಿ ನಾನೂ ಆ ಮುದುಕಗ ಸುಳ್ಳು ಹೇಳಿದೆ' ಎಂದು ಅವಳು ಕೂಗಾಡಿದ್ದರೆ ಅವನಿಗೆ ಉತ್ತರ ಕೊಡುವ ಅವಕಾಶವಾದರೂ ಇರುತ್ತಿತ್ತು.

ಎದ್ದ. ಅಟ್ಟದಿಂದ ಪೇಟಿ ಇಳಿಸಿದ. ಅಂಗಡಿಯಲ್ಲೇ ಇದ್ದ ಸಾದಾ ರೀಡೊಂದನ್ನು ತೆಗೆದು, ಕೆರೆದು, ಕೇಳಿ, ಕೂರಿಸಿದ. ಹೆಂಡತಿ ಒಲೆಯ ಮೇಲಿಟ್ಟ ಅನ್ನ ಬೇಯುವಷ್ಟರಲ್ಲಿ ಕೆಲಸ ಮುಗಿದಿತ್ತು! ಮುಗಿದದ್ದನ್ನು ನೋಡಿ ಅವನಿಗೆ ಅಳು ಬಂತು. ಇಷ್ಟಕ್ಕೇ? ಇಷ್ಟೇ ಇಷ್ಟಕ್ಕೇ?

ಆದರೂ ಅಭ್ಯಾಸ ಬಿಡುತ್ತದೆಯೇ? ಪಾಲಿಶ್ ಡಬ್ಬಿಗೆ ಕೈ ಹಾಕಿದ. "ಪಾಲಿಶ್ ಬ್ಯಾಡ. ಹೊತಗೊಂಡು ನಡೀರಿ" ಅಂದಳು ಹೆಂಡತಿ.

ಮಾಸ್ತರರ ಮನೆ ಪಡಸಾಲೆಯಲ್ಲಿ ಪೇಟಿ ಇಟ್ಟ. ಅವರು ಇವನನ್ನು ನೋಡಿ ಮುಖ ಅರಳಿಸಿದರು. ತಿದಿ ಎಳೆದು ಬಾರಿಸತೊಡಗಿದರು. ಬೆರಳುಗಳು ಒಂದೂ ತಪ್ಪಲಿಲ್ಲ. ಮನೆಯೆಲ್ಲ ಸ್ವರ ತುಂಬಿತು. ಸೊಸೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಮಾಸ್ತರರು ಬಗ್ಗಿ ಎಡಗೆನ್ನೆಯನ್ನು ಪೇಟಿಯ ಮರಕ್ಕೆ ಒತ್ತಿ, ಹಾಗೇ ಸ್ವಲ್ಪ ಹೊತ್ತು ಬಾರಿಸಿದರು. ಆಮೇಲೆ ತಲೆ ಎತ್ತಿದರು.

"ಗಾಳಿ ಚೊಲೊ ಹಿಡೀತೈತಿ ತಮ್ಮಾ. ಎಲ್ಲೂ ಸೋರೂದಿಲ್ಲ."

ಅಷ್ಟೇ ಅಂದರು. ಸ್ವರದ ಮಾತು ಆಡಲಿಲ್ಲ.

ಸೊಸೆ ಮೆಲ್ಲಗೆ ಹೇಳಿದಳು: "ಹೋದ ಹುಣ್ಣಿವಿ ತನಕಾ ಎಡಗಿವ್ಯಾಗ ಜೋರ್ ಹೇಳಿದ್ರ ಕೇಳ್ತಿತ್ರಿ, ಅಣ್ಣಾರ."

ಅವನು ಮಾಸ್ತರರ ಕಾಲ ಬಳಿ ಕುಳಿತ. "ಮಾಸ್ತರ, ನನ್ನ ಕೈಯಾಗ ರೀಡು ಮುರದಿತ್ತು."

"ಏನಂದಿ?"

"ರೀಡು ಮುರದಿತ್ರಿ!"

"ಜೋರ್ ಹೇಳೋ!"

"ನನ್ನ ಕೈಯಾಗ ರೀಡು ಮುರದಿತ್ತು! ಹೇಳಾಕ ನಾಚಿಕಿ ಆಗಿ ಅಡಗಿದ್ದೆ! ಊರಾಗ ಇದ್ದೂ ಇಲ್ಲಂತ ಹೇಳಿಸಿದ್ದೆ!"

ಓಣಿಯ ಬಾಗಿಲುಗಳು ತೆರೆದವು. ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದವರು ಮೊರ ಹಿಡಿದೇ ಎದ್ದು ಬಂದರು. ಇಬ್ಬರ ನಡುವೆ ಪಿಸುದನಿಯಲ್ಲಿ ಮುಗಿಯಬಹುದಾಗಿದ್ದ ಮಾತನ್ನು ಅವನೀಗ ಓಣಿಗೆಲ್ಲ ಕೇಳುವಂತೆ ಒದರಿದ್ದ. ಓಣಿಗೆಲ್ಲ ಕೇಳಿಸಿತು. ಕೇಳಬೇಕಾದವರಿಗೆ ಕೇಳಿಸಲಿಲ್ಲ.

ಕೊನೆಗೆ ಸೊಸೆಯೇ ಮುಂದೆ ಬಂದು, ಪೇಟಿಯ ಮನೆಯೊಂದನ್ನು ಒತ್ತಿ ತೋರಿಸಿ, ಎರಡು ಬೆರಳಿನಲ್ಲಿ ಕಡ್ಡಿ ಮುರಿದಂತೆ ಮಾಡಿದಳು. ಮಾಸ್ತರರಿಗೆ ತಿಳಿಯಿತು. ಪೇಟಿಯನ್ನು ನೋಡಿದರು, ಅವನನ್ನು ನೋಡಿದರು. ಕಿವುಡರು ಮಾತಾಡುವ ದೊಡ್ಡ ದನಿಯಲ್ಲಿ ಅಂದರು:

"ಒಂದು ರೀಡಾ? ಅದರ ಜೋಡಿ ಇನ್ನೊಂದು ಸಾಲು ಇತ್ತಲ್ಲೋ ಹುಚ್ಚಪ್ಪಾ! ಅದರಾಗ ಬಾರಿಸ್ತಿದ್ನೆಲ್ಲೋ! ಸ್ವರ ಒಂದೀಟು ತೆಳ್ಳಗ ಬರ್ತಿತ್ತು. ಬರ್ತಿತ್ತಲ್ಲ!"

ದೊಡ್ಡ ಪೇಟಿಯಲ್ಲಿ ಪ್ರತಿ ಸ್ವರಕ್ಕೂ ಎರಡೆರಡು ರೀಡು ಇರುತ್ತವೆ. ಒಂದು ಹೋದರೆ ಇನ್ನೊಂದು ನುಡಿಯುತ್ತದೆ. ಇದು ಅವನಿಗೆ ಗೊತ್ತಿರಲಿಲ್ಲವೇ? ಅವನಿಗಲ್ಲದೆ ಯಾರಿಗೆ ಗೊತ್ತಿರಬೇಕು! ಕೊರತೆಯ ಪೇಟಿಯನ್ನು ಕೊಟ್ಟು ಕೊರತೆಯವನೆನಿಸಿಕೊಳ್ಳಲು ಅವನು ಒಪ್ಪಲಿಲ್ಲ. ಮಾಸ್ತರರು ಬೈಯಲಿಲ್ಲ. ಸೊಸೆಗೆ ಚಹಾ ತರಲು ಕೈಸನ್ನೆ ಮಾಡಿದರು. 

ಕಥೆ ಮುಗಿಯಿತು. ಈಗ ನಿಮ್ಮ ಕಡೆ ಬರೋಣ.

ತಾಯಂದಿರೇ, ಹಿರಿಯರೇ, ಕೆಲಸ ಮುಂದಕ್ಕೆ ಹಾಕುವವರನ್ನು ನಾವು ಮೈಗಳ್ಳರೆಂದು ಕರೆಯುತ್ತೇವೆ. ಅವರೂ ಹೌದೆಂದು ತಲೆ ತಗ್ಗಿಸುತ್ತಾರೆ. ಒಳಗೆ ಹೊಕ್ಕು ನೋಡಿದರೆ ಅಲ್ಲಿರುವುದು ಹೆದರಿಕೆ. ಆ ಕೆಲಸವನ್ನು ಮುಟ್ಟಿದರೆ ಒಂದು ಮುಖ ನೆನಪಾಗುತ್ತದೆ, ಆ ಮುಖದಲ್ಲಿ ನಾವು ಸಣ್ಣವರಾಗಿ ಕಾಣುತ್ತೇವೆ. ಆ ನೋವಿನಿಂದ ಓಡುತ್ತೇವೆ. ಓಡಿದ ಗಳಿಗೆಯಲ್ಲಿ ಹಾಯೆನಿಸುತ್ತದೆ. ಆ ಹಾಯಿ ನಮಗೆ ಓಡುವುದನ್ನೇ ಕಲಿಸುತ್ತದೆ. ನಿಮಗೆ ನೀವೇ ಬೈದುಕೊಂಡರೆ ಇದು ಸರಿಹೋಗುತ್ತದೆಯೇ? ಬೈದಷ್ಟೂ ಹೆದರಿಕೆ ಹೆಚ್ಚು, ಹೆದರಿದಷ್ಟೂ ಓಟ ಹೆಚ್ಚು. ಅವನು ದಿನವೂ ತನ್ನನ್ನು ಬೈದುಕೊಂಡ, ಬೈದುಕೊಂಡೇ ಹಿತ್ತಲ ಬಾಗಿಲು ತೆಗೆದ.

ಹಾಗಾದರೆ ಏನು ಮಾಡಬೇಕು? ತಡವಾದದ್ದಕ್ಕೆ ಸರಿದೂಗಿಸಲು ಕೆಲಸವನ್ನು ದೊಡ್ಡದು ಮಾಡಬೇಡಿ. ಮೊದಲು ಎಷ್ಟಿತ್ತೋ ಅಷ್ಟೇ ಮಾಡಿ, ಅರೆಕೊರೆಯಾದರೂ ಒಯ್ದು ಕೊಡಿ. ಎದೆ ನೋವಿನ ಪರೀಕ್ಷೆಗೆ ಹೋಗದೆ ಮುಂದೂಡುತ್ತಿದ್ದೀರಾ? ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಹೋಗಿ ಕೂರಿ, ಅಷ್ಟು ಸಾಕು. ತಂಗಿಯ ಜೊತೆ ಮಾತು ಬಿಟ್ಟು ಬಹಳ ದಿನವಾಯಿತೇ? ಒಳ್ಳೆಯ ಮಾತು ಸಿಗಲಿ ಎಂದು ಕಾಯಬೇಡಿ, 'ತಪ್ಪಾತವ್ವಾ' ಎನ್ನಿ. ನಿಮ್ಮ ಕೈಯಲ್ಲಿ ಏನಾದರೂ ಕೆಟ್ಟರೆ ಅದು ಕೆಟ್ಟ ದಿನವೇ ಹೇಳಿ. ಆ ದಿನ ನಾಚಿಕೆ ಕೈಯಲ್ಲಿ ಹಿಡಿಯುವಷ್ಟಿರುತ್ತದೆ. ಮತ್ತೆ ನಿಮ್ಮ ಹತ್ತಿರ ಯಾರಾದರೂ ತಡವಾಗಿ ಬಂದು ತಪ್ಪು ಹೇಳಿಕೊಂಡರೆ, 'ಇಷ್ಟು ದಿನ ಎಲ್ಲಿದ್ದಿ?' ಎಂದು ಮೊದಲು ಕೇಳಬೇಡಿ. ಮೊದಲು ಕೂರಿಸಿ.

ಇಷ್ಟು ಹೊತ್ತು ಕೇಳುತ್ತಾ ನಿಮಗೆ ಒಂದು ಮುಖ ನೆನಪಾಗಿದೆ. ನಾಳೆ ನೋಡೋಣ ಎಂದು ಮನಸ್ಸು ಆಗಲೇ ಹೇಳಿಯೂ ಆಗಿದೆ. ಅದಕ್ಕೇ ಇವತ್ತಿನ ಪ್ರವಚನ ಅರ್ಧಕ್ಕೇ ನಿಲ್ಲುತ್ತಿದೆ. ಉಳಿದ ಹೊತ್ತು ನಿಮ್ಮದು. ಹೋಗಬೇಕಾದವರು ಈಗಲೇ ಏಳಿ, ಮಂಗಳಾರತಿಗೂ ಕಾಯಬೇಡಿ, ನಿಮ್ಮ ಪಾಲಿನ ಪ್ರಸಾದ ತೆಗೆದಿಟ್ಟಿರುತ್ತಾರೆ. ಕೂತಿರುವವರಿಗೆ ಒಂದೇ ಮಾತು: ಎದ್ದು ಹೋಗುವವರ ಕಡೆ ಯಾರೂ ತಿರುಗಿ ನೋಡಬೇಡಿ.