ದಿನಾ ಒರೆಸಿದ ಕಲೆ

ಬಿಡಿಭಾಗಗಳ ಅಂಗಡಿಯಲ್ಲಿ ಸ್ಕೂಟರಿನ ಬಲ್ಬಿಗಾಗಿ ಸಾಲಿನಲ್ಲಿ ನಿಂತಿದ್ದ ನಿವೃತ್ತ ಮೇಷ್ಟ್ರಿಗೆ ಪರರ ಮಾತಿಗೆ ಕಿವಿಗೊಡುವುದು ಅಸಭ್ಯವೆಂದು ಗೊತ್ತಿತ್ತು. ಆದರೆ ಮುಂದಿದ್ದ ಹಳೆಯ ಲಾರಿಯ ಮಾಲೀಕನೂ ಅವನ ಮೆಕ್ಯಾನಿಕನೂ ಮೆಲ್ಲಗೆ ಮಾತಾಡುವ ಪೈಕಿಯವರಲ್ಲ.

"ರೇಡಿಯೇಟರ್ ನೀರು ದಿನಾ ಇಳೀತಿತ್ತು, ನೆಲದ ಮೇಲೆ ಒಂದು ಹನಿ ಇಲ್ಲ. ಗಾಡಿ ಓಡಿಸೋ ನನ್ನ ತಮ್ಮ ನೀರು ಹಾಕದೇನೇ ಹಾಕ್ದೆ ಅಂತಾನೆ ಅಂದ್ಕೊಂಡೆ."

"ಅದಕ್ಕೆ ಅವನ ಕೈಯಿಂದ ಗಾಡಿ ಕೀಲಿ ಕಿತ್ಕೊಂಡ್ರಾ?"

"ಕಿತ್ಕೊಂಡೆ. ಸುಳ್ಳುಬುರುಕ ಅಂತ ಅವನ ಹೆಂಡ್ತಿ ಮುಂದೇನೇ ಅಂದೆ."

"ಸೋರ್ತಿದ್ದದ್ದು ಇಂಜಿನ್ ಹಿಂದಿನ ಪೈಪು, ಅಣ್ಣ. ಕೂದಲೆಳೆಯಷ್ಟು ಬಿರುಕು. ಬಿಸಿ ಇಂಜಿನ್ ಮೇಲೆ ಬಿದ್ದ ನೀರು ಅಲ್ಲೇ ಆವಿ ಆಗ್ತಿತ್ತು. ಎರಡು ದಿನ ಗಾಡಿ ನನ್ನ ಹತ್ರ ಇದ್ದಾಗ ಬಿಳಿ ಕಲೆ ಬಿತ್ತು, ಸಿಕ್ಕಿಬಿತ್ತು. ಮೊದಲು ಯಾಕೆ ಕಾಣ್ಲಿಲ್ವೋ."

"ಆ ಕಲೇನಾ? ದಿನಾ ಬೆಳಿಗ್ಗೆ ನಾನೇ ಒರೆಸ್ತಿದ್ದೆ."

"ಯಾಕೆ?"

"ಇಂಜಿನ್ ಕನ್ನಡಿ ಥರ ಇರ್ಬೇಕು ಅಂತ."

"ಚೆನ್ನಾಗಿದೆ. ಕಳ್ಳನ ಹೆಜ್ಜೆ ಗುಡಿಸಿ ಹಾಕಿ, ಮನೆಯವನನ್ನೇ ಹಿಡ್ಕೊಂಡ್ರಿ."

ಮೂವತ್ತು ವರ್ಷ ಶುಚಿತ್ವಕ್ಕೆ ಅಂಕ ಹಂಚಿದ್ದ ಮೇಷ್ಟ್ರು ಕೆಮ್ಮಿದರು. ಅಂಗಡಿಯವನು ಹೊಸ ಪೈಪನ್ನು ಮಾಲೀಕನ ಕೈಗಿತ್ತ.

"ಪೈಪು ನಾನು ಹಾಕ್ತೀನಿ. ನಿಮ್ಮ ತಮ್ಮನ್ನ ನೀವೇ ಕರ್ಕೊಂಡ್ಬನ್ನಿ," ಎಂದ ಮೆಕ್ಯಾನಿಕ್.

"ಏನಂತ ಹೇಳ್ಲಿ?"

"ಒರೆಸೋದು ನಿಮಗೆ ಕರಗತ ಅಲ್ವಾ? ಅಂದ ಮಾತನ್ನೂ ಒರೆಸಿ ನೋಡಿ. ಅವನ ಹೆಂಡ್ತಿ ಮುಂದೇನೇ."

ಮಾಲೀಕ ಪೈಪು ಹಿಡಿದೇ ರಸ್ತೆ ದಾಟಿ ತಮ್ಮನ ಮನೆಯ ಕಡೆಗೆ ಬಿರಬಿರನೆ ನಡೆದ.

"ಅಣ್ಣ, ಪೈಪನ್ನಾದ್ರೂ ಕೊಟ್ಟು ಹೋಗಿ," ಎನ್ನುತ್ತಾ ಮೆಕ್ಯಾನಿಕ್ ಅವನ ಹಿಂದೆ ಓಡಿದ.