ತುಂಬಿದ ಪೆಟ್ಟಿಗೆಯಿಂದ ಐಸ್ ಯಾಕೆ ಬೀಳಲಿಲ್ಲ?

ದಾನದ ಶಾಸ್ತ್ರ ಸಾಕು. ನಿಮ್ಮಲ್ಲಿ ಅರ್ಧ ಜನಕ್ಕೆ ಆಗಲೇ ಆಕಳಿಕೆ ಶುರುವಾಗಿದೆ, ನನಗೇನು ಕಾಣುವುದಿಲ್ಲವೇ? ಈಗ ಒಂದು ಫ್ರಿಜ್ಜಿನ ಕಥೆ ಹೇಳುತ್ತೇನೆ. ನಗಬೇಡಿ. ಪುರಾಣದಲ್ಲಿ ಅಕ್ಷಯಪಾತ್ರೆ ಇರಬಹುದಾದರೆ ಪ್ರವಚನದಲ್ಲಿ ಫ್ರಿಜ್ ಯಾಕೆ ಇರಬಾರದು?

ಒಂದು ಊರು ಅಂತ ಇಟ್ಟುಕೊಳ್ಳಿ. ಬಳ್ಳಾರಿ ಕಡೆಯ ಬಿಸಿಲಿನ ಊರು. ಅಲ್ಲೊಬ್ಬ ಸಾಹುಕಾರ. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಹೆಸರಿನವರು ಎದ್ದು ಹೋಗುತ್ತಾರೆ, ಉಳಿದವರು ಇದು ನಮಗಲ್ಲ ಅಂತ ಹಾಯಾಗಿ ಕೂರುತ್ತಾರೆ. ಆ ಸಾಹುಕಾರ ಬೇಸಿಗೆಯ ಶುರುವಿಗೆ ಎರಡು ಬಾಗಿಲಿನ ದೊಡ್ಡ ಫ್ರಿಜ್ ತಂದ. ಅದರ ಬಾಗಿಲಲ್ಲೇ ಒಂದು ಗೂಡು. ಬಾಗಿಲು ತೆಗೆಯುವುದೇ ಬೇಡ, ಗೂಡಿನೊಳಗೆ ಲೋಟ ಒತ್ತಿದರೆ ಸಾಕು, ಮೇಲಿನಿಂದ ಕಟಕಟ ಅಂತ ಐಸ್ ಬೀಳುತ್ತದೆ. ನನಗೆ ಮೊದಲೇ ಯಂತ್ರ ಅಂದರೆ ಹುಚ್ಚು. ಭಕ್ತರ ಮನೆಯೊಂದರಲ್ಲಿ ಅಂಥದ್ದನ್ನು ಮೊದಲ ಸಲ ಕಂಡಾಗ ಒತ್ತಿದ್ದೇ ಒತ್ತಿದ್ದು, ಲೋಟ ತುಂಬಿ ನೆಲದ ಮೇಲೆಲ್ಲ ಐಸ್. ಆ ಮನೆಯವರು ಪಾಪ, ಪ್ರಸಾದ ಅಂತ ಆರಿಸಿಕೊಂಡರು.

ಹಾಗೆಯೇ ಆ ಓಣಿಗೆ ಓಣಿಯೇ ಸಾಹುಕಾರನ ಮನೆಗೆ ಬಂತು. ಮೊದಮೊದಲು ಅವನಿಗೂ ಖುಷಿಯೇ. ಆಮೇಲೆ ಮಧ್ಯಾಹ್ನವಾದರೆ ಸಾಕು, ಲೋಟ ಹಿಡಿದವರು, ಚೊಂಬು ಹಿಡಿದವರು. ಬೇಸರ ಬಂತು. ಆ ಗೂಡಿನ ಮೇಲೆ ಬೀಗದ ಚಿತ್ರದ ಒಂದು ಗುಂಡಿ ಇತ್ತು. ಅದನ್ನು ಒತ್ತಿ ಹಿಡಿದರೆ ಕೆಂಪು ದೀಪ ಹತ್ತುತ್ತದೆ, ಆಮೇಲೆ ಯಾರು ಲೋಟ ಒತ್ತಿದರೂ ಐಸ್ ಬರುವುದಿಲ್ಲ. ಒತ್ತಿಬಿಟ್ಟ. ಇನ್ನು ಮೇಲೆ ಈ ಐಸ್ ದೊಡ್ಡವರು ಬಂದಾಗ ಮಾತ್ರ ಅಂತ ಹೆಂಡತಿಗೆ ಹೇಳಿದ.

ಅದರ ಮರುದಿನವೇ ಅವನ ಅಕ್ಕ ಬಂದಳು. ಪಕ್ಕದ ಓಣಿಯವಳು. ತಾಯಿ ಇಲ್ಲದ ಈ ತಮ್ಮನನ್ನು ಎತ್ತಿ ಆಡಿಸಿದವಳು. ಕೈಯಲ್ಲೊಂದು ಸ್ಟೀಲ್ ಡಬ್ಬಿ. ಅವಳ ಬೆನ್ನ ಹಿಂದೆ ಪಕ್ಕದ ಮನೆಯ ಹೆಂಗಸರು ಇಣುಕುತ್ತಿದ್ದರು.

"ತಮ್ಮಾ, ಒಂದೀಟು ಐಸ್ ಕೊಡೋ. ನಿಮ್ಮ ಮಾಮಾಗ ಹಲ್ಲು ಕಿತ್ತಾರ, ಗಲ್ಲದ ಮ್ಯಾಲ ಇಡಬೇಕಂತ."

ಇವಳಿಗೆ ಕೊಟ್ಟರೆ ಹಿಂದಿನವರಿಗೂ ಕೊಡಬೇಕಲ್ಲ ಅಂತ ಯೋಚನೆ ಬಂತೋ ಇಲ್ಲವೋ, ಬಾಯಿಯಿಂದ ಸುಳ್ಳು ಹೊರಟೇಹೋಯಿತು. "ಯಕ್ಕಾ, ಅದು ಕೆಟ್ಟು ಕುಂತೈತಿ. ಐಸ್ ಬರವಲ್ದು."

ಅಕ್ಕ ಹೌದಾ ಅಂದಳು. ಹೊರಟಳು. ಬರಿ ಡಬ್ಬಿ ಕಳಿಸಬಾರದು ಅಂತ ನಮ್ಮಲ್ಲಿ ಪದ್ಧತಿ ಇದೆಯಲ್ಲ, ಸಾಹುಕಾರನ ಹೆಂಡತಿ ಮನಸ್ಸು ತಡೆಯದೆ ಓಡಿಹೋಗಿ ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿದಳು. ಹಲ್ಲುನೋವಿನವನಿಗೆ ಸಕ್ಕರೆ! ಪದ್ಧತಿ ಉಳಿಯಿತು, ಹಲ್ಲಿಗೆ ಏನು ಸಿಕ್ಕಿತು ಹೇಳಿ.

ಆಮೇಲೇನಾಯಿತು? ಅಕ್ಕನಿಗೆ ಸಿಟ್ಟು ಬರಲಿಲ್ಲ. ಸಾಹುಕಾರನಿಗೇ ನಾಚಿಕೆ. ಅವಳ ಓಣಿ ತಪ್ಪಿಸಿ ಸುತ್ತುಬಳಸಿ ಓಡಾಡಿದ. ಮನೆಗೆ ಬಾ ಅಂತ ಕರೆಯುವುದನ್ನೂ ಬಿಟ್ಟ. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು, ಚಳಿ ಹೋಯಿತು, ಮತ್ತೆ ಬಿಸಿಲು ಬಂತು. ದೊಡ್ಡವರು ಯಾರೂ ಬರಲಿಲ್ಲ, ಗೂಡಿನ ಬೀಗವೂ ಹಾಗೇ ಇತ್ತು. ಅಷ್ಟರಲ್ಲಿ ಅವನ ಮಗಳ ಮದುವೆ ನಿಶ್ಚಯವಾಯಿತು. ಆ ಮನೆತನದಲ್ಲಿ ನಿಶ್ಚಯದ ದಿನ ಹುಡುಗಿಯ ಮೊದಲ ಉಡಿ ತುಂಬುವವಳು ಸೋದರತ್ತೆ. ಅಕ್ಕಿ, ಕೊಬ್ಬರಿ, ಎಲೆ, ಅಡಿಕೆ ಅವಳ ಕೈಯಿಂದಲೇ ಬೀಳಬೇಕು. ಬೇರೆಯವರು ತುಂಬುವ ಹಾಗಿಲ್ಲ. ಸಾಹುಕಾರ ಹೋಗಿ ಕರೆದ. ಕರೆದದ್ದೇ ತಡ, ಅಕ್ಕ ಸೀರೆ ಉಟ್ಟು ಬಂದಳು.

ಬಂದವಳಿಗೆ ಬಾಯಾರಿಕೆ. ಬೀಗರೆಲ್ಲ ಕೂತಿದ್ದಾರೆ. ನೀರಿನ ಲೋಟ ಹಿಡಿದು ಫ್ರಿಜ್ ನೋಡಿದಳು. "ಇನ್ನೂ ರಿಪೇರಿ ಮಾಡಿಸಿಲ್ಲೇನೋ ತಮ್ಮಾ?"

ನಂಬಿದ್ದಳು ನೋಡಿ. ಅಷ್ಟು ದಿನವೂ ನಂಬಿಯೇ ಇದ್ದಳು.

ಬೀಗನಿಗೆ, ಅಂದರೆ ಹುಡುಗನ ತಂದೆಗೆ, ನನ್ನ ಹಾಗೆಯೇ ಯಂತ್ರದ ಹುಚ್ಚು. ಏನಾಗಿದೆ ನೋಡೇಬಿಡೋಣ ಅಂತ ಶಲ್ಯ ತೆಗೆದಿಟ್ಟು ಎದ್ದ. ಕರೆಂಟ್ ಇದೆಯೇ? ಇದೆ, ಒಳಗೆ ದೀಪ ಉರಿಯುತ್ತಿದೆ. ನೀರು? ಹಿಂದಿನ ಪೈಪ್ ಮಡಚಿಕೊಂಡಿರಬಹುದು ಅಂತ ಮೊಬೈಲ್ ದೀಪ ಹಾಕಿ ಫ್ರಿಜ್ಜಿನ ಹಿಂದೆ ತೂರಿಕೊಂಡ. ಇತ್ತ ಸಾಹುಕಾರನ ಬೆನ್ನು ಬೆವರಿನಲ್ಲಿ ತೊಯ್ದುಹೋಯಿತು. ಗೂಡಿಗೆ ಬೀಗ ಹಾಕಿದ್ದು ಗೊತ್ತಾದರೆ ಸುಳ್ಳು ಹೊರಗೆ. ಸುಳ್ಳು ಹೊರಬಿದ್ದರೆ ಅಕ್ಕ ಎದ್ದು ಹೋಗಬಹುದು. ಅಕ್ಕ ಎದ್ದು ಹೋದರೆ ಮಗಳ ಉಡಿ ಬರಿದು. ಹುಡುಗನ ತಂದೆ ಹಿಂದೆ ತೂರಿಕೊಂಡಿದ್ದೇ ಸಮಯ ಅಂತ ಸಾಹುಕಾರ ಮೆಲ್ಲಗೆ ಗುಂಡಿ ಒತ್ತಿ ಹಿಡಿದ. ಕೆಂಪು ದೀಪ ಆರಿತು. ಬದುಕಿದೆ ಅಂದುಕೊಂಡು ಅಕ್ಕನ ಲೋಟ ಇಸಿದುಕೊಂಡು ಗೂಡಿಗೆ ಒತ್ತಿದ.

ಗುರ್ರ್ ಅಂತು. ಐಸ್ ಬೀಳಲಿಲ್ಲ.

ಈಗ ಹೇಳಿ, ಯಾಕೆ? ಕರೆಂಟ್ ಇದೆ, ನೀರಿದೆ, ಬೀಗ ತೆಗೆದಿದೆ. ಐಸ್ ಖಾಲಿ ಅಂತೀರಾ ತಾಯಿ? ಬೀಗನೂ ಹಾಗೇ ಅಂದ. ಅಂದವನು ಬಾಗಿಲು ತೆಗೆದು ಐಸ್ ಬೀಳುವ ಪೆಟ್ಟಿಗೆಯನ್ನು ಎಳೆದ. ಪೆಟ್ಟಿಗೆ ತುಂಬಿ ತುಳುಕುವಷ್ಟು ಐಸ್! ಆದರೆ ಒಂದೇ ಗಡ್ಡೆ. ಕೇಳಿ, ಇದು ಸ್ವಾರಸ್ಯ. ಆ ಪೆಟ್ಟಿಗೆಯ ತಳದಲ್ಲೊಂದು ತಿರುಪು ಇರುತ್ತದೆ, ಅದು ತಿರುಗಿ ಐಸನ್ನು ಬಾಯಿಗೆ ತಳ್ಳುತ್ತದೆ. ದಿನವೂ ತೆಗೆಯುತ್ತಿದ್ದರೆ ತುಂಡು ತುಂಡಾಗಿಯೇ ಇರುತ್ತವೆ. ತೆಗೆಯದೆ ಇಟ್ಟರೆ? ಕರೆಂಟ್ ಹೋದಾಗ ಒಂದಿಷ್ಟು ಕರಗುತ್ತದೆ, ಬಂದಾಗ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ. ಕೊನೆಗೆ ತಿರುಪೂ ಅದರೊಳಗೇ ಹೂತುಹೋಗುತ್ತದೆ. ಸಾಹುಕಾರ ಈಗ ಕೊಡಬೇಕೆಂದರೂ ಕೊಡಲಾರ.

"ಇಷ್ಟು ಐಸ್ ಐತಲ್ಲೋ!" ಅಂದಳು ಅಕ್ಕ.

ಏನಾದರೂ ಒಂದು ಹೇಳಿ ದಾಟಿಸಬಹುದಿತ್ತು. ಬಾಯಿಗೆ ಅಭ್ಯಾಸವೂ ಇತ್ತು. ಆದರೆ ಅವಳ ಮುಖ ನೋಡಿದ, ಆಗಲಿಲ್ಲ. "ಯಕ್ಕಾ, ಅವತ್ತೂ ಇತ್ತು. ನಾನ ಬೀಗ ಹಾಕಿದ್ದೆ."

ಅಕ್ಕ ಅವನ ಕೈಯಿಂದ ತನ್ನ ಲೋಟ ವಾಪಸು ಇಸಿದುಕೊಂಡಳು.

"ಇದ್ದಿದ್ರ ನನ್ನ ತಮ್ಮ ಇಲ್ಲ ಅಂತಿದ್ದಿಲ್ಲ ಅಂತ ನಾ ಓಣಿ ತುಂಬ ಹೇಳೀನಲ್ಲೋ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆಯಲಾಗಲಿಲ್ಲ. ಒಳಗೆ ಓಡಿ ಸುತ್ತಿಗೆ ತಂದು ಆ ಗಡ್ಡೆಯ ಮೇಲೆ ಎತ್ತಿದ. ಅಕ್ಕ ಕೈ ಹಿಡಿದಳು. "ಬಡೀಬ್ಯಾಡ. ತುಪ್ಪ ಗಟ್ಟಿ ಆದ್ರ ಬಡೀತೀವೇನು? ಬಿಸಿನೀರು ತಾ."

ಪೆಟ್ಟಿಗೆಯನ್ನು ದೊಡ್ಡ ಪರಾತದ ಬೆಚ್ಚಗಿನ ನೀರಿನಲ್ಲಿ ಇಟ್ಟರು. ಗಡ್ಡೆ ಸಡಿಲಾಯಿತು, ಬಿರಿಯಿತು, ತಿರುಪು ಕಂಡಿತು. ಅಷ್ಟರಲ್ಲಿ ಅಕ್ಕ ಕೈ ಒರೆಸಿಕೊಂಡು ಹೋಗಿ ಅಳಿಯನ ಮನೆಯವರ ಎದುರು ತಮ್ಮನ ಮಗಳ ಉಡಿ ತುಂಬಿದಳು. ಅಕ್ಕಿ ಒಂದಿಷ್ಟು ನೆಲಕ್ಕೂ ಬಿತ್ತು.

ಹೊರಡುವಾಗ ಸಾಹುಕಾರ ಒಂದು ಡಬ್ಬಿ ತುಂಬ ಐಸ್ ತಂದು ಹಿಡಿದ, ಮಾಮಾಗ ಅಂತ. ಅಕ್ಕ ನಕ್ಕಳು. ಕಣ್ಣಲ್ಲಿ ನೀರಿತ್ತು.

"ಹಲ್ಲು ಹೋಗಿ ಯಾವ ಕಾಲ ಆತು. ಈಗ ಗಲ್ಲದ ಮ್ಯಾಲ ಏನ್ ಇಡ್ಲಿ?"

ಕಥೆ ಇಷ್ಟೇ. ಅಕ್ಕ ಕ್ಷಮಿಸಿದಳು, ನಿಜ. ಆದರೆ ಆ ಗಲ್ಲಕ್ಕೆ ಆ ಐಸ್ ಮುಟ್ಟಲೇ ಇಲ್ಲ, ಇನ್ನು ಮುಟ್ಟುವುದೂ ಇಲ್ಲ.

ಹಾಳಾದ ಸಾಹುಕಾರ ಅಂತ ಬೈಯುತ್ತಿದ್ದೀರಲ್ಲ, ನಿಮ್ಮ ಮನೆಯ ಕೆಂಪು ದೀಪ ಎಲ್ಲೆಲ್ಲಿ ಉರಿಯುತ್ತಿದೆ? ದೊಡ್ಡವರಿಗೆಂದು ಎತ್ತಿಟ್ಟ ಹಾಸಿಗೆ, ನೆಂಟರು ಬಂದಾಗ ಮಾತ್ರ ಇಳಿಯುವ ಒಳ್ಳೆಯ ತಟ್ಟೆ, ಅದು ಬಿಡಿ. ಹೆಂಡತಿಗೆ ಹೇಳದೆ ಇಟ್ಟುಕೊಂಡ ಒಂದು ಒಳ್ಳೆಯ ಮಾತು? ಸೊಸೆಯ ಸಾರು ಚೆನ್ನಾಗಿದೆ ಅಂತ ಅನ್ನಲಾರದ ನಾಲಿಗೆ? ಇಲ್ಲದ್ದಕ್ಕೆ ನೀವು ಬಡವರಲ್ಲ, ತೆಗೆಯದೆ ಇಟ್ಟದ್ದಕ್ಕೆ ಬಡವರು. ಮೊದಲು ನೀವು ಬೀಗ ಹಾಕುತ್ತೀರಿ. ಆಮೇಲೆ ನೀವೇ ತೆಗೆದರೂ ಅದು ಬರುವುದಿಲ್ಲ.

ಆದ್ದರಿಂದ ನಾಳೆಯಿಂದ ಒಂದೇ ಕೆಲಸ ಮಾಡಿ. ಯಾರಾದರೂ ಬಾಗಿಲಿಗೆ ಬಂದು ಕೇಳಿದರೆ, ಇಲ್ಲ ಅನ್ನುವ ಮೊದಲು ಒಳಗೆ ಹೋಗಿ ಒಮ್ಮೆ ಪೆಟ್ಟಿಗೆ ಎಳೆದು ನೋಡಿ. ನಿಜವಾಗಿ ಇಲ್ಲದಿದ್ದರೆ ಇಲ್ಲ ಅನ್ನಿ, ಪಾಪವಿಲ್ಲ. ಇದ್ದರೆ ಅವರ ಹಲ್ಲು ನೋಯುತ್ತಿರುವಾಗಲೇ ಕೊಡಿ. ನಿಮ್ಮಲ್ಲಿ ಇಲ್ಲ ಅಂದಾಗಲೂ, ಇದ್ದಿದ್ದರೆ ಕೊಡುತ್ತಿದ್ದರು ಅಂತ ಓಣಿ ತುಂಬ ಹೇಳಿಕೊಂಡು ತಿರುಗುವವರು ನಿಮಗೂ ಯಾರೋ ಒಬ್ಬರು ಇದ್ದಾರೆ. ಅವರ ಮಾತು ಸುಳ್ಳಾಗದ ಹಾಗೆ ಬದುಕಿ.